ಕೆರೆ–ದಡ

ರಾತ್ರಿ ಆನೆ ಬಂದು ಹೋಗಿದೆ.
ಖೋ-ಖೋ ಕಂಬ ಒಂದು ಮಲಗಿದೆ, ಇನ್ನೊಂದು
ಯಾಕೋ ಹಾಗೇ ನಿಂತಿದೆ.
ಬಿಸಿಯೂಟಕ್ಕೆಂದು ನೆಟ್ಟ ಬಾಳೆ, ನಾಲ್ಕಕ್ಕೆ ನಾಲ್ಕೂ ಇಲ್ಲ.
"ಇವತ್ತು ಮಕ್ಕಳನ್ನ ಹೊರಗೆ ಬಿಡಬೇಡಿ ಟೀಚರ್,
ಮರಿ ಇದೆ ಜೊತೆಗೆ, ತೋಟದೊಳಗೇ ಇದೆ" ಎಂದು
ಜೀಪಿನಿಂದಲೇ ಕೂಗಿ ಹೋದ ಫಾರೆಸ್ಟಿನ ಬೆಳ್ಯಪ್ಪ.

ಒಳಗೆ ಮೂವತ್ತೊಂದು ಮಕ್ಕಳು, ಅರವತ್ತೆರಡು ಕಾಲು,
ಅರವತ್ತೆರಡಕ್ಕೂ ಆಟದ ಪಿರಿಯಡ್ಡು.
ಲೆಕ್ಕ ಹೇಳಿಕೊಡುತ್ತೇನೆಂದರೆ ಯಾರು ಕೇಳುತ್ತಾರೆ?
ಬೆಂಚುಗಳನ್ನು ಗೋಡೆಗೆ ತಳ್ಳಿಸಿದೆ.
ಸೀಮೆಸುಣ್ಣದಲ್ಲಿ ನೆಲಕ್ಕೆ ಉದ್ದಾನುದ್ದ ಒಂದು ಗೆರೆ:
ಈಚೆ ದಡ, ಆಚೆ ಕೆರೆ.

ಕೆರೆ! ಧಪ್.
ದಡ! ಧಪ್.
ಕೆರೆ ದಡ ಕೆರೆ ದಡ ದಡ
ಅಲ್ಲೇ ಇರುವುದು ಮೋಸ, ಆ ಎರಡನೇ ದಡದಲ್ಲಿ.
ದಡದಲ್ಲೇ ನಿಂತವರಿಗೆ ಮತ್ತೆ ದಡ ಎಂದರೆ
ಕಾಲು ಮಾತು ಕೇಳುವುದಿಲ್ಲ, ಬಿದ್ದರು ನೀರಿಗೆ.

ತನ್ನ ಜಡೆ ತಾನೇ ಹಿಡಿದು ಹಾರುವ ಪೊನ್ನವ್ವ ಬಿದ್ದಳು,
ಹಾರುವ ಮೊದಲೇ ನಗುವ ನೌಫೀರ ಬಿದ್ದ,
"ನಾನು ಔಟಲ್ಲ, ನನ್ನ ಚಪ್ಪಲಿ ಮಾತ್ರ ಔಟು" ಎಂದು
ದಿನವೂ ವಾದ ಹೂಡುವ ಕುಶಾಲಪ್ಪ ಬಿದ್ದ, ಚಪ್ಪಲಿ ಸಮೇತ.
ಲೈನುಮನೆಯ ಎರವರ ಪಾಲಿ ಮಾತ್ರ ಬೀಳುವುದಿಲ್ಲ.
ಅವಳು ನನ್ನ ಬಾಯಿ ನೋಡುವುದಿಲ್ಲ, ಕತ್ತು ನೋಡುತ್ತಾಳೆ.
ಕೆರೆ ಎನ್ನುವ ಮೊದಲು ಟೀಚರ ಗಂಟಲು
ಒಂಚೂರು ಒಳಗೆ ಹೋಗುತ್ತದಂತೆ.

ರೆಜಾವುಲ್ ಬಂದು ಹದಿನೆಂಟು ದಿನ.
ಅಸ್ಸಾಮಿನಿಂದ ಮೂರು ರೈಲು, ಒಂದು ಬಸ್ಸು, ಒಂದು ಪಿಕಪ್ಪು,
ಅಪ್ಪ ಅಮ್ಮ ಕಾಫಿ ಕೊಯ್ಯಲು, ಇವನು ನನ್ನ ಕ್ಲಾಸಿಗೆ.
ಮೊದಮೊದಲು ಅವನಿಗೆ ಎರಡೂ ಒಂದೇ ಸದ್ದು.
ಎಲ್ಲರೂ ಹಾರಿದ್ದನ್ನು ನೋಡಿ ಹಾರುವನು, ಅಂದರೆ ಔಟು.
ಗೋಡೆ ಬದಿ ಕೂತು ತುಟಿಯಲ್ಲೇ ತಿರುವಿ ಹಾಕುವನು
ಕೆರೆ, ದಡ, ಕೆರೆ.
ಒಂದು ದಿನ ಸಿಕ್ಕಿತು: ಒಂದು ನೀರು, ಒಂದು ನೆಲ.
ಅನ್ನ, ಪುಸ್ತಕ, ಉಚ್ಚೆಗೆ ಹೋಗಲಾ, ಇವೆಲ್ಲ ಇನ್ನೂ ಕೈಸನ್ನೆ;
ಕನ್ನಡ ಅಂದರೆ ಅವನಿಗೆ ಇವತ್ತಿಗೆ ಎರಡೇ ಶಬ್ದ.

ಕೊನೆಗೆ ಉಳಿದವರು ಇಬ್ಬರು, ಪಾಲಿ ಮತ್ತು ಅವನು.
ದಡ ದಡ ದಡ ಎಂದೆ. ಅಲುಗಲಿಲ್ಲ.
ಗಂಟಲು ಒಳಗೆಳೆದುಕೊಂಡು ದಡ ಎಂದೆ.
ಪಾಲಿ ಬಿದ್ದಳು,
ಬಿದ್ದಲ್ಲಿಂದಲೇ ನನ್ನನ್ನು ಕಳ್ಳಿಯ ಹಾಗೆ ನೋಡಿದಳು.

ಗೆದ್ದವನಿಗೆ ಕಿತ್ತಳೆ ಹಣ್ಣು.
ಸುಲಿಯುತ್ತ ಕೂತವನನ್ನು ಸುಮ್ಮನೆ ಕೇಳಿದೆ,
ಗೆದ್ದವರನ್ನು ಮಾತಾಡಿಸುವ ಹಾಗೆ,
"ನಿನ್ನ ಮನೆ ಎಲ್ಲೋ? ಘರ್? ಘರ್?"
ಎದ್ದ. ಗೆರೆಯ ಈಚೆ ನಿಂತ.
ಅಂಗೈ ಮಟ್ಟಸ ಮಾಡಿ ತೋರಿಸಿದ.
ಉಣ್ಣುವ ಸನ್ನೆ ಮಾಡಿ ಒಂದು ಮೂಲೆ, ಆಡಿನಂತೆ ಅರಚಿ ಇನ್ನೊಂದು ಮೂಲೆ.
"ದಡ" ಎಂದ.
ಆಮೇಲೆ ಅದೇ ಅಂಗೈಯನ್ನು ಅಂಚಿನಿಂದ ಮಡಚಿದ,
ಬೆರಳು ಬೆರಳಾಗಿ,
ಹೆಬ್ಬೆರಳೂ ಹೋಯಿತು.
"ಕೆರೆ."

ಧಪ್!
ಮೂವತ್ತು ಮಕ್ಕಳು ಒಟ್ಟಿಗೆ ಹಾರಿದರು.

ಯಾರದೂ ತಪ್ಪಲ್ಲ. ಕೆರೆ ಎಂದರೆ ಹಾರಬೇಕು,
ಕಲಿಸಿದವಳು ನಾನೇ.
ಕೇಕೆ, ನಗು, ಯಾರದೋ ಮೊಣಕೈ ಯಾರದೋ ಮೂಗಿಗೆ.
ಅವನು ಮಡಚಿದ ಕೈಯನ್ನೊಮ್ಮೆ ನೋಡಿಕೊಂಡ,
ನೀರಲ್ಲಿ ನಿಂತ ಇಡೀ ಕ್ಲಾಸನ್ನೊಮ್ಮೆ.
ನಕ್ಕ.
ಕೂಗಿದ: ದಡ! ಕೆರೆ! ದಡ! ದಡ!
ಕುಶಾಲಪ್ಪ ಔಟು. ಚಪ್ಪಲಿ ಔಟಲ್ಲವಂತೆ.

ನಾನು ಗೆರೆಯ ಮೇಲೇ ನಿಂತಿದ್ದೆ,
ಒಂದು ಕಾಲು ಅತ್ತ, ಒಂದು ಇತ್ತ.
"ಟೀಚರ್ ಔಟು" ಎಂದಳು ಪಾಲಿ, ಸೇಡು ತೀರಿಸಿಕೊಂಡು.
ಹೌದೆಂದು ಹೋಗಿ ಗೋಡೆ ಬದಿ ಕೂತೆ.
ತೋಟದಲ್ಲಿ ಪಟಾಕಿ ಸಿಡಿಯಿತು, ಒಂದು, ಎರಡು,
ಮರಿಯನ್ನು ಹೊಳೆ ದಾಟಿಸುತ್ತಿರಬೇಕು.
ಯಾರೂ ಕಿಟಕಿಗೆ ಓಡಲಿಲ್ಲ.